ತನ್ನದೆಂಬ ಬೆಲೆ, ಇಂದಿನದೆಂಬ ಅಳತೆ

ಒಂದು ವಸ್ತುವನ್ನು ಕೊಳ್ಳಲು ಮನುಷ್ಯ ಕೊಡಲೊಪ್ಪುವ ಬೆಲೆಗೂ, ಅದೇ ವಸ್ತು ತನ್ನದಾದ ಮೇಲೆ ಬಿಟ್ಟುಕೊಡಲು ಅವನು ಕೇಳುವ ಬೆಲೆಗೂ ಹೆಚ್ಚಿನ ಅಂತರವಿರಬಾರದೆಂಬುದು ಅರ್ಥಶಾಸ್ತ್ರದ ಹಳೆಯ ಎಣಿಕೆ. ಈ ಎಣಿಕೆ ವ್ಯವಹಾರದಲ್ಲಿ ತಪ್ಪುವುದನ್ನು ಗುರುತಿಸಿ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲಿ ಹೆಸರಿಟ್ಟ ಒಲವನ್ನು ಕನ್ನಡದಲ್ಲಿ ಒಡೆತನದ ಪ್ರಭಾವ ಎನ್ನಬಹುದು. ತನ್ನದಾಯಿತೆಂಬ ಒಂದೇ ಕಾರಣಕ್ಕೆ ವಸ್ತುವಿನ ಬೆಲೆ ಮನಸ್ಸಿನಲ್ಲಿ ಏರಿಬಿಡುವುದೇ ಅದರ ತಿರುಳು.

ಕೆನಡಾದ ಅರ್ಥಶಾಸ್ತ್ರಜ್ಞ ಜ್ಯಾಕ್ ನೆಟ್ಷ್ 1989ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸರಳವಾಗಿ ತೋರಿಸಿತು. ಕಾಫಿ ಮಗ್ಗು, ಚಾಕೊಲೇಟು ಎರಡರಲ್ಲಿ ಇಷ್ಟವಾದುದನ್ನು ಆರಿಸಿಕೊಳ್ಳಲು ಹೇಳಿದಾಗ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಅರ್ಧರ್ಧ ಹಂಚಿಹೋದರು. ಆದರೆ ಮೊದಲೇ ಮಗ್ಗು ಪಡೆದವರಲ್ಲಿ ಶೇ. 89ರಷ್ಟು ಮಂದಿ ಅದನ್ನು ಚಾಕೊಲೇಟಿಗೆ ಬದಲಿಸಿಕೊಳ್ಳಲೊಲ್ಲದೆ ಹೋದರೆ, ಚಾಕೊಲೇಟು ಪಡೆದವರಲ್ಲಿ ಶೇ. 90ರಷ್ಟು ಮಂದಿ ಅದನ್ನೇ ಉಳಿಸಿಕೊಂಡರು. ಪಡೆದಾಗ ಆಗುವ ಸಂತೋಷಕ್ಕಿಂತ ಕಳೆದುಕೊಂಡಾಗ ಆಗುವ ನೋವು ದೊಡ್ಡದೆಂಬ ನಷ್ಟಭೀತಿಯೇ ಇದಕ್ಕೆ ಕಾರಣವೆಂಬ ವಿವರಣೆ ಪ್ರಸಿದ್ಧವಾಗಿದೆ. ಸರಕನ್ನು ಮಾರುವುದಕ್ಕೆಂದೇ ಇಟ್ಟುಕೊಳ್ಳುವ ನುರಿತ ವ್ಯಾಪಾರಿಗಳಲ್ಲಿ ಈ ಒಲವು ಬಹಳ ಕಡಿಮೆಯೆಂದು ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ ತೋರಿಸಿದ್ದಾರೆ. ಹಾಗಾಗಿ ಇದನ್ನು ಮನುಷ್ಯಸ್ವಭಾವದ ಅಳಿಸಲಾಗದ ಗುಣವೆಂದು ಸಾರುವುದು ಆತುರದ ಮಾತು.

ವಸ್ತುವಿನ ವಿಷಯದಲ್ಲಿ ಕಾಣುವ ಈ ಅಂಟು ವ್ಯಕ್ತಿತ್ವದ ವಿಷಯದಲ್ಲೂ ಬೇರೊಂದು ರೂಪದಲ್ಲಿ ಕಾಣುತ್ತದೆ. ಮನೋವಿಜ್ಞಾನಿಗಳಾದ ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ ಅವರು 19,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳೆದ ಹತ್ತು ವರ್ಷಗಳಲ್ಲಿ ತಾವು ಬಹಳ ಬದಲಾಗಿದ್ದೇವೆಂದು ಜನ ಒಪ್ಪಿದರೂ, ಮುಂದಿನ ಹತ್ತು ವರ್ಷಗಳಲ್ಲಿ ಅಷ್ಟೇನೂ ಬದಲಾಗುವುದಿಲ್ಲವೆಂದು ಊಹಿಸಿದರು. ಬೆಳವಣಿಗೆ ಇಂದಿಗೆ ಪೂರ್ತಿಯಾಯಿತೆಂಬ ಈ ನಂಬಿಕೆಗೆ ಸಂಶೋಧಕರು ಚರಿತ್ರೆ ಮುಗಿದ ಭ್ರಮೆ ಎಂಬರ್ಥದ ಹೆಸರಿಟ್ಟರು. ಅದರ ಬೆಲೆಯನ್ನೂ ಅವರು ಡಾಲರಿನಲ್ಲೇ ಅಳೆದರು: ಇಂದು ಮೆಚ್ಚಿನ ಸಂಗೀತ ತಂಡವನ್ನು ಹತ್ತು ವರ್ಷಗಳ ನಂತರ ಕೇಳಲು ಜನ ಸರಾಸರಿ 129 ಡಾಲರ್ ಕೊಡಲು ಒಪ್ಪಿದರೆ, ಹತ್ತು ವರ್ಷಗಳ ಹಿಂದೆ ಮೆಚ್ಚಿದ್ದ ತಂಡವನ್ನು ಈಗ ಕೇಳಲು 80 ಡಾಲರ್ ಸಾಕೆಂದರು.

ಒಡೆತನದ ಪ್ರಭಾವ, ಚರಿತ್ರೆ ಮುಗಿದ ಭ್ರಮೆ ಎರಡರಲ್ಲೂ ಇಂದಿನ ಸ್ಥಿತಿಯೇ ಅಳತೆಗೋಲಾಗುತ್ತದೆ. ಎಂದಾದರೂ ಬೇಕಾದೀತೆಂದು ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆನ್ನಬಹುದು, ಏಕೆಂದರೆ ಅದನ್ನು ಬಿಡಲು ಮನಸ್ಸೂ ಬಾರದು, ನಾಳೆಯ ಅಭಿರುಚಿ ಬೇರೆಯಾದೀತೆಂಬ ಎಣಿಕೆಯೂ ಬಾರದು. ಚರಿತ್ರೆ ಮುಗಿದ ಭ್ರಮೆಯ ಅಧ್ಯಯನದ ಬಗ್ಗೆ, ಹಿಂದಿನ ಬದಲಾವಣೆಯನ್ನು ನೆನಪು ಹಿಗ್ಗಿಸಿ ತೋರಿಸಿರಬಹುದೆಂಬ ಆಕ್ಷೇಪ ಸಹಜವಾದುದು. ಅದನ್ನು ಪರೀಕ್ಷಿಸಲು ಅಧ್ಯಯನಕಾರರು, ಒಂದೇ ಜನರ ವ್ಯಕ್ತಿತ್ವವನ್ನು ವರ್ಷಗಳ ಅಂತರದಲ್ಲಿ ಎರಡು ಸಲ ಅಳೆದಿದ್ದ ಬೇರೊಂದು ಸಮೀಕ್ಷೆಯ ಅಂಕಿಗಳೊಡನೆ ತಮ್ಮ ಫಲಿತಾಂಶವನ್ನು ಹೋಲಿಸಿ, ತಪ್ಪು ಹೆಚ್ಚಾಗಿ ನೆನಪಿನದಲ್ಲ, ಊಹೆಯದೆಂಬ ನಿರ್ಣಯಕ್ಕೆ ಬಂದರು. ವಯಸ್ಸಾದವರಲ್ಲಿ ಬದಲಾವಣೆ ನಿಧಾನವಾಗುತ್ತದಾದರೂ, ಅವರೂ ಅದನ್ನು ಇರುವುದಕ್ಕಿಂತ ಕಡಿಮೆಯೆಂದೇ ಎಣಿಸಿದ್ದರು.