ಪೈಥಾನ್ ಸಮುದಾಯದಲ್ಲಿ ಸದಸ್ಯತ್ವ ಮತ್ತು ಅಧಿಕಾರದ ಪ್ರಶ್ನೆ

ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯಲು ಬಳಸುವ ಭಾಷೆಗಳಲ್ಲಿ ಪೈಥಾನ್ ನಮ್ಮ ಕಾಲೇಜುಗಳಲ್ಲಿ ಇಂದು ವಿಶೇಷವಾಗಿ ಬಳಕೆಯಲ್ಲಿದೆ. ಅದರ ವ್ಯಾಕರಣವನ್ನು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಆದರೆ ಆ ವ್ಯಾಕರಣವನ್ನು ನಿರ್ಣಯಿಸುವವರು ಯಾರು, ನಿರ್ಣಯಿಸುವ ಹಕ್ಕು ಅವರಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಪೈಥಾನ್ ಯಾವೊಂದು ಸರ್ಕಾರದ ಅಥವಾ ವ್ಯಾಪಾರ ಸಂಸ್ಥೆಯ ಅಧೀನದಲ್ಲಿಲ್ಲ. ನಾನಾ ದೇಶಗಳಲ್ಲಿ ನೆಲೆಸಿ ಅಂತರ್ಜಾಲದ ಮೂಲಕ ಕೂಡಿ ದುಡಿಯುವ ಜನರ ಸಮುದಾಯವೊಂದು ಅದನ್ನು ಬೆಳೆಸುತ್ತಿದೆ. 2018ರಲ್ಲಿ ಈ ಸಮುದಾಯದಲ್ಲಿ ಉಂಟಾದ ವಿವಾದವನ್ನೂ ಅದರಿಂದ ಹುಟ್ಟಿದ ಆಡಳಿತ ವ್ಯವಸ್ಥೆಯನ್ನೂ ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಮೊದಲಿಗೆ ಈ ಸಮುದಾಯದಲ್ಲಿ 'ನಮ್ಮವರು' ಎನಿಸಿಕೊಳ್ಳುವವರು ಯಾರೆಂಬುದನ್ನು ಗಮನಿಸೋಣ. ಇಲ್ಲಿ ಸ್ಥೂಲವಾಗಿ ಮೂರು ವಲಯಗಳನ್ನು ಗುರುತಿಸಬಹುದು. ಹೊರವಲಯದಲ್ಲಿ ಭಾಷೆಯನ್ನು ಬಳಸುವ ಲಕ್ಷಾಂತರ ಜನರಿದ್ದಾರೆ. ಅದರ ಒಳಗೆ, ದೋಷಗಳನ್ನು ತೋರಿಸಿಕೊಟ್ಟು ತಿದ್ದುಪಡಿಗಳನ್ನು ಕಳುಹಿಸುವವರಿದ್ದಾರೆ. ಎಲ್ಲಕ್ಕೂ ಒಳಗೆ, ಮೂಲಗ್ರಂಥಕ್ಕೆ ಬದಲಾವಣೆಯನ್ನು ಸೇರಿಸುವ ಹಕ್ಕುಳ್ಳ ಪ್ರಧಾನ ನಿರ್ಮಾಪಕರ ಗುಂಪಿದೆ. ಇವರ ಸಂಖ್ಯೆ 2018ರಲ್ಲಿ ನೂರರ ಆಸುಪಾಸಿನಲ್ಲಿದ್ದಿತು. ಚರ್ಚೆಗೆ ಎಲ್ಲರಿಗೂ ಅವಕಾಶವುಂಟು. ನಿರ್ಣಯ ಮಾತ್ರ ಎಲ್ಲರದಲ್ಲ. ಮಾತನಾಡುವ ಹಕ್ಕಿಗೂ ನಿರ್ಣಯಿಸುವ ಹಕ್ಕಿಗೂ ನಡುವಿನ ಈ ಅಂತರದಲ್ಲಿಯೇ ನಾವು ಪರಿಶೀಲಿಸಲಿರುವ ವಿವಾದದ ಬೀಜ ಅಡಗಿದ್ದಿತೆನ್ನಬಹುದು.

ಬಹುಕಾಲದವರೆಗೆ ಕೊನೆಯ ಮಾತು ಒಬ್ಬರದೇ ಆಗಿದ್ದಿತು. ನೆದರ್‌ಲೆಂಡ್ಸ್ ದೇಶದ ಗೈಡೊ ವಾನ್ ರಾಸಮ್ ಅವರು 1989ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನ ಸಂಸ್ಥೆಯೊಂದರಲ್ಲಿ ಈ ಭಾಷೆಯ ನಿರ್ಮಾಣವನ್ನು ಆರಂಭಿಸಿ, 1991ರಲ್ಲಿ ಅದನ್ನು ಸಾರ್ವಜನಿಕರಿಗೆ ಒದಗಿಸಿದರು. 1995ರಲ್ಲಿ ಅವರ ಗೆಳೆಯರು ವಿನೋದಕ್ಕಾಗಿ ಅವರಿಗೆ 'ಆಜೀವ ಹಿತೈಷಿ ಸರ್ವಾಧಿಕಾರಿ' ಎಂಬ ಬಿರುದನ್ನಿತ್ತರು. ವಿನೋದದ ಬಿರುದು ಕ್ರಮೇಣ ನಿಜವಾದ ಪದವಿಯೇ ಆಯಿತು. 2000ದಲ್ಲಿ 'ಪೆಪ್' ಎಂದು ಕರೆಯಲಾಗುವ ಲಿಖಿತ ಪ್ರಸ್ತಾಪಗಳ ಪದ್ಧತಿ ಜಾರಿಗೆ ಬಂದಿತು. ಯಾರೇ ಆಗಲಿ ಪ್ರಸ್ತಾಪವನ್ನು ಬರೆಯಬಹುದು, ಅದನ್ನು ಕುರಿತು ಯಾರು ಬೇಕಾದರೂ ವಾದಿಸಬಹುದು. ಅಂಗೀಕರಿಸುವ ಅಥವಾ ತಿರಸ್ಕರಿಸುವ ಅಧಿಕಾರ ಮಾತ್ರ ಸ್ಥಾಪಕರದು, ಇಲ್ಲವೆ ಅವರು ನೇಮಿಸಿದವರದು. ಈ ಅಧಿಕಾರಕ್ಕೆ ಚುನಾವಣೆಯ ಆಧಾರವಿರಲಿಲ್ಲ. ಅವರ ಪರಿಶ್ರಮ, ಅಭಿರುಚಿ, ಜನರ ವಿಶ್ವಾಸ ಇವೇ ಅದರ ಆಧಾರಗಳಾಗಿದ್ದವು.

2018ರ ಫೆಬ್ರವರಿಯಲ್ಲಿ 572ನೆಯ ಪ್ರಸ್ತಾಪವು ಚರ್ಚೆಗೆ ಬಂದಿತು. ಅದರ ವಿಷಯ ನೋಡಲು ಅಲ್ಪವಾದುದು. ಒಂದು ಹೆಸರಿಗೆ ಬೆಲೆಯನ್ನು ಕೊಡುವ ಕ್ರಿಯೆಯು ಪೈಥಾನಿನಲ್ಲಿ ಸ್ವತಂತ್ರ ವಾಕ್ಯವಾಗಿಯೇ ನಿಲ್ಲಬೇಕಾಗಿದ್ದಿತು. ಅದನ್ನು ಮತ್ತೊಂದು ಲೆಕ್ಕದ ಅಥವಾ ಷರತ್ತಿನ ಒಳಗೆ ಅಡಕಮಾಡಲು ಅವಕಾಶವಿರಲಿಲ್ಲ. ಸಿ ಭಾಷೆಯಲ್ಲಿ ಅಂತಹ ಅವಕಾಶವಿರುವುದರಿಂದ, ಹೋಲಿಕೆಯ ಚಿಹ್ನೆಯ ಬದಲು ಬೆಲೆಕೊಡುವ ಚಿಹ್ನೆಯನ್ನು ಬರೆದು ಕಂಗೆಡುವ ವಿದ್ಯಾರ್ಥಿಗಳನ್ನು ಅಧ್ಯಾಪಕರೆಲ್ಲರೂ ಕಂಡಿದ್ದಾರೆ. ಕೋಲನ್ ಮತ್ತು ಸಮಚಿಹ್ನೆಗಳನ್ನು ಜೋಡಿಸಿದ ಹೊಸ ಚಿಹ್ನೆಯೊಂದರಿಂದ ಈ ತೊಡಕಿಲ್ಲದೆ ಆ ಅನುಕೂಲವನ್ನು ಪಡೆಯಬಹುದೆಂಬುದು ಪ್ರಸ್ತಾಪದ ಸಾರ. ಒಂದೇ ಲೆಕ್ಕವನ್ನು ಎರಡು ಬಾರಿ ಬರೆಯುವುದು ತಪ್ಪುತ್ತದೆಂದು ಬೆಂಬಲಿಗರು ವಾದಿಸಿದರು. ಪೈಥಾನಿನ ಹಿರಿಮೆಯೇ ಅದರ ಸರಳತೆಯಲ್ಲಿದೆ, ಒಂದು ಕಾರ್ಯಕ್ಕೆ ಎರಡು ಬಗೆಯ ಬರವಣಿಗೆ ಬೇಡವೆಂದು ವಿರೋಧಿಗಳು ಹೇಳಿದರು. ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಹೇಳಿದ ವಾದಗಳೇ ಮರಳಿ ಬಂದವು. ಮಾತು ಅನೇಕ ವೇಳೆ ಕಟುವಾಯಿತು.

ಆ ವರ್ಷದ ಜುಲೈ ತಿಂಗಳಿನಲ್ಲಿ ವಾನ್ ರಾಸಮ್ ಅವರು ಪ್ರಸ್ತಾಪವನ್ನು ಅಂಗೀಕರಿಸಿದರು. ಅನಂತರ, ಜುಲೈ 12ರಂದು, ತಮ್ಮ ಪದವಿಯನ್ನು ತ್ಯಜಿಸುವುದಾಗಿ ಪ್ರಕಟಿಸಿದರು. ಒಂದು ಪ್ರಸ್ತಾಪಕ್ಕಾಗಿ ಇಷ್ಟು ಹೋರಾಡಿ, ಕೊನೆಗೆ ತಮ್ಮ ನಿರ್ಣಯವನ್ನು ಇಷ್ಟೊಂದು ಜನ ತುಚ್ಛವಾಗಿ ಕಾಣುವುದನ್ನು ಇನ್ನು ಸಹಿಸಲಾರೆನೆಂಬುದು ಅವರ ಮಾತಿನ ತಾತ್ಪರ್ಯ. ಉತ್ತರಾಧಿಕಾರಿಯನ್ನು ತಾವು ನೇಮಿಸುವುದಿಲ್ಲವೆಂದೂ ಆಡಳಿತದ ಕ್ರಮವನ್ನು ಪ್ರಧಾನ ನಿರ್ಮಾಪಕರೇ ನಿಶ್ಚಯಿಸಿಕೊಳ್ಳಬೇಕೆಂದೂ ತಿಳಿಸಿದರು.

ಇಂತಹ ಸಂದರ್ಭದಲ್ಲಿ ಸಮುದಾಯ ಒಡೆಯುವುದುಂಟು. ಮೂಲಗ್ರಂಥವನ್ನು ನಕಲುಮಾಡಿಕೊಂಡು ಬೇರೆ ಹೆಸರಿನಲ್ಲಿ ಬೆಳೆಸಲು ಮುಕ್ತ ತಂತ್ರಾಂಶದ ಪರವಾನಗಿಯೇ ಅನುಮತಿ ಕೊಡುತ್ತದೆ. ನೋಡ್ ಎಂಬ ತಂತ್ರಾಂಶದ ವಿಷಯದಲ್ಲಿ, ಒಂದು ಕಂಪನಿಯ ಹಿಡಿತದಿಂದ ಅಸಮಾಧಾನಗೊಂಡ ನಿರ್ಮಾಪಕರು 2014ರ ಕೊನೆಯಲ್ಲಿ ಬೇರೆಯಾಗಿ, 2015ರಲ್ಲಿ ಹೊಸ ಪ್ರತಿಷ್ಠಾನವೊಂದರ ಆಶ್ರಯದಲ್ಲಿ ಮರಳಿ ಒಂದಾದರು. ಪೈಥಾನಿನಲ್ಲಿ ಹಾಗಾಗಲಿಲ್ಲ. ಪ್ರಧಾನ ನಿರ್ಮಾಪಕರು ರಸ್ಟ್, ಜಾಂಗೊ, ಜುಪಿಟರ್ ಮೊದಲಾದ ಸಮುದಾಯಗಳ ಆಡಳಿತ ಕ್ರಮಗಳನ್ನು ಅಭ್ಯಸಿಸಿ, ಏಳು ಬದಲಿ ಯೋಜನೆಗಳನ್ನು ಸಿದ್ಧಪಡಿಸಿದರು. ಮತ್ತೊಬ್ಬ ಏಕನಾಯಕನೇ ಇರಲಿ ಎಂಬುದರಿಂದ ಹಿಡಿದು, ಕೇಂದ್ರಾಧಿಕಾರವೇ ಬೇಡವೆಂಬುದರವರೆಗೆ ಎಲ್ಲ ಬಗೆಯ ಅಭಿಪ್ರಾಯಗಳೂ ಅವುಗಳಲ್ಲಿದ್ದವು. ಡಿಸೆಂಬರ್ 2018ರ ಮತದಾನದಲ್ಲಿ ಐವರ ಚುನಾಯಿತ ಮಂಡಲಿಯ ಯೋಜನೆ ಗೆದ್ದಿತು. ಮತದಾರರು ಪ್ರಧಾನ ನಿರ್ಮಾಪಕರು ಮಾತ್ರ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಆ ಸಂವಿಧಾನದ ಕೆಲವು ವಿಧಿಗಳು ಗಮನಾರ್ಹವಾಗಿವೆ. ಒಬ್ಬನೇ ಧಣಿಯ ಕೈಕೆಳಗೆ ದುಡಿಯುವವರು ಮಂಡಲಿಯಲ್ಲಿ ಇಬ್ಬರಿಗಿಂತ ಹೆಚ್ಚಿರಕೂಡದು. ನಿರ್ಮಾಪಕರಿಗೆ ಸಂಬಳ ಕೊಡುವ ಕಂಪನಿಗಳು ಆ ದಾರಿಯಿಂದ ಭಾಷೆಯನ್ನು ಸ್ವಾಧೀನಮಾಡಿಕೊಳ್ಳದಂತೆ ಇದು ತಡೆಯುತ್ತದೆ. ಮಂಡಲಿಗೆ ವಿಶಾಲವಾದ ಅಧಿಕಾರವಿದ್ದರೂ ಅದನ್ನು ಸಾಧ್ಯವಾದಷ್ಟು ಕಡಿಮೆ ಬಳಸಿ ಒಮ್ಮತವನ್ನು ಅರಸಬೇಕೆಂದು ವಿಧಿಸಲಾಗಿದೆ. ಮೂರರಲ್ಲಿ ಎರಡು ಪಾಲು ಮತದಿಂದ ಮಂಡಲಿಯ ಮೇಲೆ ಅವಿಶ್ವಾಸವನ್ನು ಸೂಚಿಸಬಹುದು. ಹೊಸ ನಿರ್ಮಾಪಕರನ್ನು ಸೇರಿಸಿಕೊಳ್ಳಲೂ ಅಷ್ಟೇ ಬಹುಮತ ಅಗತ್ಯ. ಸದಸ್ಯನೊಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಹೊರಹಾಕಲು ಐವರಲ್ಲಿ ಕನಿಷ್ಠ ನಾಲ್ವರ ಸಮ್ಮತಿ ಇರಬೇಕು. ಈ ಅಧಿಕಾರವನ್ನು ಮಂಡಲಿಯು ಬೇರೆಯವರಿಗೆ ವಹಿಸಿಕೊಡುವಂತಿಲ್ಲ. ಸ್ಥಾಪಕರೂ 2019ರ ಮೊದಲ ಮಂಡಲಿಗೆ ಇತರರಂತೆಯೇ ಚುನಾವಣೆಯಿಂದ ಬಂದರು. ಎರಡನೆಯ ಮಂಡಲಿಯ ಸ್ಪರ್ಧೆಯಿಂದ ಹಿಂದೆ ಸರಿದರು.

ಹೀಗೆ ಅಧಿಕಾರದ ಪ್ರಶ್ನೆಗೆ ಲಿಖಿತ ಉತ್ತರ ದೊರೆಯಿತು. ಆದರೆ ಸದಸ್ಯತ್ವದ ಪ್ರಶ್ನೆ ಅದರಿಂದಲೇ ತೀರಲಿಲ್ಲ. 2024ರ ಆಗಸ್ಟಿನಲ್ಲಿ, ದಶಕಗಳ ಸೇವೆ ಸಲ್ಲಿಸಿದ ಹಿರಿಯ ನಿರ್ಮಾಪಕರೊಬ್ಬರನ್ನು ಚರ್ಚೆಯಲ್ಲಿನ ನಡವಳಿಕೆಯ ಕಾರಣದಿಂದ ಮಂಡಲಿಯು ಮೂರು ತಿಂಗಳ ಕಾಲ ಅಮಾನತಿನಲ್ಲಿರಿಸಿತು. ಆರೋಪಗಳು ಅಸ್ಪಷ್ಟವೆಂದೂ ವಿಚಾರಣೆಯ ಕ್ರಮ ಪಾರದರ್ಶಕವಲ್ಲವೆಂದೂ ಕೆಲವರು ಆಕ್ಷೇಪಿಸಿದರು. ಹಿರಿತನವು ನಿಯಮದಿಂದ ವಿನಾಯಿತಿ ಕೊಡಲಾರದು, ಕಟು ಚರ್ಚೆಗೆ ಅಂಜಿ ಮೌನವಾಗಿ ಹೊರನಡೆಯುವವರ ಲೆಕ್ಕವನ್ನೂ ಇಡಬೇಕು ಎಂದು ಇನ್ನು ಕೆಲವರು ವಾದಿಸಿದರು. ಎರಡು ವಾದಗಳಲ್ಲಿಯೂ ಹುರುಳಿದೆಯೆಂದೇ ನಾವು ಭಾವಿಸುತ್ತೇವೆ. ದುಡಿಮೆಯೊಂದೇ ಸ್ಥಾನವನ್ನು ತಂದುಕೊಡುವ ಸಮಾಜದಲ್ಲಿ, ಆ ಸ್ಥಾನವನ್ನು ಹಿಂತೆಗೆದುಕೊಳ್ಳುವುದೆಂದರೆ ಒಬ್ಬನ ಜೀವಮಾನದ ಶ್ರಮಕ್ಕೆ ತೀರ್ಪು ಕೊಟ್ಟಂತಾಗುತ್ತದೆ. ಎಂದೂ ಹಿಂತೆಗೆದುಕೊಳ್ಳದಿದ್ದರೆ ಮೊದಲು ಬಂದವರೇ ಒಡೆಯರಾಗಿ ಉಳಿಯುತ್ತಾರೆ.

ಈ ವೃತ್ತಾಂತದಿಂದ ನಮಗೆ ತೋರುವುದಿಷ್ಟು. ಕೋಲನ್ನಿನ ಪಕ್ಕಕ್ಕೊಂದು ಸಮಚಿಹ್ನೆ ಬೇಕೆ ಬೇಡವೆ ಎಂಬ ಜಗಳ ಅಷ್ಟು ಉಗ್ರವಾದುದಕ್ಕೆ ಆ ಚಿಹ್ನೆಯೊಂದೇ ಕಾರಣವಲ್ಲ. ತಮ್ಮ ಮಾತಿಗೆ ಎಷ್ಟು ತೂಕವಿದೆಯೆಂಬುದು ವಾದಿಸುತ್ತಿದ್ದವರಿಗೆ ತಿಳಿದಿರಲಿಲ್ಲ. ವ್ಯಕ್ತಿಯ ಮೇಲಿನ ವಿಶ್ವಾಸದಿಂದ ನಡೆಯುವ ಆಡಳಿತವು ಸಣ್ಣ ಗುಂಪಿಗೆ ಸಾಕಾಗುತ್ತದೆ. ಗುಂಪು ಬೆಳೆದಂತೆ ಆ ಭಾರವೆಲ್ಲ ಒಬ್ಬನ ಹೆಗಲ ಮೇಲೆ ಬೀಳುತ್ತದೆ. ಲಿಖಿತ ನಿಯಮವು ಜಗಳವನ್ನು ನಿಲ್ಲಿಸಲಾರದು; ಅದು ಎಲ್ಲಿ ಮುಗಿಯಬೇಕೆಂಬುದನ್ನು ಮಾತ್ರ ಗೊತ್ತುಪಡಿಸುತ್ತದೆ. ಆ ಚಿಹ್ನೆ 2019ರ ಅಕ್ಟೋಬರಿನಲ್ಲಿ ಹೊರಬಂದ 3.8ನೆಯ ಆವೃತ್ತಿಯಲ್ಲಿ ಸೇರಿ ಈಗ ಬಳಕೆಯಲ್ಲಿದೆ. ಅದನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಅದರ ಹಿಂದಿನ ಈ ಕಥೆಯನ್ನೂ ತಿಳಿಸುವುದು ಉಚಿತ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ತಮ್ಮ ಮೊದಲ ತಿದ್ದುಪಡಿಯನ್ನು ಆ ಸಮುದಾಯಕ್ಕೆ ಕಳುಹಿಸುವಾಗ, ತಾವು ಯಾವ ವಲಯವನ್ನು ಪ್ರವೇಶಿಸುತ್ತಿದ್ದೇವೆ, ಅಲ್ಲಿಂದ ಒಳವಲಯಕ್ಕೆ ಹಾದಿ ಯಾವುದು ಎಂಬುದು ಅವರಿಗೆ ಗೊತ್ತಿರಬೇಕು.