ಕಪ್ಪು ಅಮೆರಿಕದ ಸ್ವತಂತ್ರ ಸಾಕ್ಷ್ಯಚಿತ್ರಗಳು: ನೆನಪು, ಪಡಿಯಚ್ಚು ಮತ್ತು ಒಡೆತನ

ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪುಜನರ ಚರಿತ್ರೆಯನ್ನು ತೆರೆಯ ಮೇಲೆ ತಂದವರು ಬಹುಕಾಲ ಬಿಳಿಯರೇ ಆಗಿದ್ದರು. 1915ರಲ್ಲಿ ಬಿಡುಗಡೆಯಾದ ಗ್ರಿಫಿತ್‌ನ ‘ದ ಬರ್ತ್ ಆಫ್ ಎ ನೇಷನ್’ ಕು ಕ್ಲಕ್ಸ್ ಕ್ಲಾನ್‌ನವರನ್ನು ನಾಡಿನ ರಕ್ಷಕರೆಂದೂ ಕಪ್ಪು ಪುರುಷನನ್ನು ಕಾಮುಕ ಮೃಗವೆಂದೂ ಬಿಂಬಿಸಿತು. ಈ ಚಿತ್ರಣಕ್ಕೆ ಎದುರುಮಾತು ಸಾಕ್ಷ್ಯಚಿತ್ರದ ರೂಪದಲ್ಲಿ ಗಟ್ಟಿಯಾಗಿ ಕೇಳಿಬಂದುದು, ಹೆಗಲ ಮೇಲೆ ಹೊತ್ತು ನಡೆಯಬಹುದಾದ ಕ್ಯಾಮೆರಾ ಮತ್ತು ಧ್ವನಿಮುದ್ರಣ ಯಂತ್ರಗಳು ಬಳಕೆಗೆ ಬಂದ 1960ರ ದಶಕದ ನಂತರ. ಇಲ್ಲಿ ‘ಸ್ವತಂತ್ರ’ ಎಂಬ ಮಾತನ್ನು ಎಚ್ಚರದಿಂದ ಗ್ರಹಿಸಬೇಕಾಗುತ್ತದೆ. ದೊಡ್ಡ ಸ್ಟುಡಿಯೋ ಹಾಗೂ ವಾಣಿಜ್ಯ ದೂರದರ್ಶನ ಸಂಸ್ಥೆಗಳ ಹಿಡಿತದಿಂದ ಹೊರಗಿರುವುದು ಎಂಬಷ್ಟೇ ಅದರ ಅರ್ಥ. ಪ್ರತಿಷ್ಠಾನಗಳ ನೆರವು, ಸರ್ಕಾರದ ಅನುದಾನ, ಸಾರ್ವಜನಿಕ ದೂರದರ್ಶನದ ಪ್ರಸಾರ ಇವಿಲ್ಲದೆ ಇಂತಹ ಚಿತ್ರಗಳು ಹುಟ್ಟುವುದೂ ಕಷ್ಟ, ಜನರನ್ನು ತಲುಪುವುದೂ ಕಷ್ಟ. ವಿವಾದಗಳು ಹೆಚ್ಚಾಗಿ ಮೊಳೆತದ್ದು ಈ ಅವಲಂಬನೆಯ ಜಾಗದಲ್ಲಿಯೇ.

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿರುವ ‘ಸಾಕ್ಷ್ಯ’ವು ಅಕ್ಷರಶಃ ನಿಜವಾದ ನಿದರ್ಶನವೆಂದರೆ 1971ರ ‘ದ ಮರ್ಡರ್ ಆಫ್ ಫ್ರೆಡ್ ಹ್ಯಾಂಪ್ಟನ್’. ಚಿಕಾಗೋದ ಹೊವಾರ್ಡ್ ಆಲ್ಕ್ ಮತ್ತು ಮೈಕ್ ಗ್ರೇ ಅವರ ತಂಡವು ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಇಲಿನಾಯ್ ಶಾಖೆಯ ಯುವ ನಾಯಕ ಹ್ಯಾಂಪ್ಟನ್ನನ ಭಾಷಣ, ಸಭೆಗಳನ್ನು ಚಿತ್ರಿಸುತ್ತಿತ್ತು. 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಆತನ ಮನೆಗೆ ನುಗ್ಗಿ ಗುಂಡು ಹಾರಿಸಿದರು. 21 ವರ್ಷದ ಹ್ಯಾಂಪ್ಟನ್ ಮತ್ತು ಸಂಗಾತಿ ಮಾರ್ಕ್ ಕ್ಲಾರ್ಕ್ ಸತ್ತರು. ಒಳಗಿನವರು ಗುಂಡಿನ ಕಾಳಗ ನಡೆಸಿದರೆಂಬುದು ಅಧಿಕೃತ ಹೇಳಿಕೆ. ಪೊಲೀಸರು ಮನೆಗೆ ಮುದ್ರೆ ಹಾಕದೆ ಹೋದುದರಿಂದ ಚಿತ್ರತಂಡ ಒಳಹೊಕ್ಕು ಗೋಡೆ, ಬಾಗಿಲು, ನೆತ್ತರು ತೊಯ್ದ ಹಾಸಿಗೆಗಳನ್ನು ಚಿತ್ರೀಕರಿಸಿತು. ಒಳಗಿನಿಂದ ಹಾರಿದ ಗುಂಡುಗಳ ಗುರುತೆಂದು ಪತ್ರಿಕೆಯಲ್ಲಿ ಅಚ್ಚಾದ ಕಪ್ಪು ಚುಕ್ಕೆಗಳು ಬರಿಯ ಮೊಳೆಯ ತಲೆಗಳೆಂದು ಬಯಲಾಯಿತು. ಒಳಗಿನಿಂದ ಒಂದೇ ಒಂದು ಗುಂಡು ಹಾರಿರಬಹುದೆಂದು 1970ರ ಫೆಡರಲ್ ತನಿಖೆ ಕಂಡುಕೊಂಡಿತು. 1982ರಲ್ಲಿ ಗಾಯಾಳುಗಳಿಗೂ ಮೃತರ ಬಂಧುಗಳಿಗೂ 18.5 ಲಕ್ಷ ಡಾಲರ್ ಪರಿಹಾರ ಒಪ್ಪಿತವಾಯಿತು. ಒಬ್ಬ ನಾಯಕನ ಚಿತ್ರವಾಗಬೇಕಿದ್ದ ಕೃತಿಯು ನಡುದಾರಿಯಲ್ಲಿ ಆತನ ಕೊಲೆಯ ವಿಚಾರಣೆಯಾಗಿ ಮಾರ್ಪಟ್ಟಿತು. ಅದರ ಒರಟು ಕಟ್ಟಡಕ್ಕೆ ಕಾರಣವೂ ಇದೇ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ಕೃತಿಗಳು ಮಾರ್ಲನ್ ರಿಗ್ಸ್‌ನವು. 1957ರಲ್ಲಿ ಟೆಕ್ಸಾಸ್‌ನಲ್ಲಿ ಜನಿಸಿದ ರಿಗ್ಸ್ ಹಾರ್ವರ್ಡ್‌ನಲ್ಲಿ ಚರಿತ್ರೆಯನ್ನು, ಬರ್ಕ್ಲಿಯಲ್ಲಿ ಪತ್ರಿಕೋದ್ಯಮವನ್ನು ಓದಿದವನು. 1980ರ ದಶಕದ ನಡುವಿನಲ್ಲಿ ಆತ ತಯಾರಿಸಿದ ‘ಎಥ್ನಿಕ್ ನೋಷನ್ಸ್’ ಚಿತ್ರದ ಸಾಮಗ್ರಿ ಬಹುಪಾಲು ಮನೆಬಳಕೆಯ ವಸ್ತುಗಳು: ಉಪ್ಪಿನ ಕುಡಿಕೆ, ಬಿಸ್ಕತ್ತಿನ ಡಬ್ಬಿ, ಬೂದಿಬಟ್ಟಲು, ಅಂಚೆಕಾರ್ಡು, ಮಕ್ಕಳ ಪುಸ್ತಕ, ಹಾಡಿನ ಹಾಳೆ, ವ್ಯಂಗ್ಯಚಲನಚಿತ್ರ. ಇವೆಲ್ಲದರ ಮೇಲೂ ಕಪ್ಪು ಮುಖಗಳು; ದಪ್ಪ ತುಟಿ, ಹೊರಚಾಚಿದ ಕಣ್ಣು, ಎಂದೂ ಮಾಸದ ನಗು. ಜಾನೆಟ್ ಫಾಕ್ನರ್ ಎಂಬ ಸಂಗ್ರಾಹಕಿ ಕೂಡಿಸಿದ್ದ ಇಂತಹ ವಸ್ತುಗಳ ಪ್ರದರ್ಶನವೊಂದು 1982ರಲ್ಲಿ ಬರ್ಕ್ಲಿಯಲ್ಲಿ ಏರ್ಪಟ್ಟಿತ್ತು. ಚಿತ್ರದ ಬೇರು ಅಲ್ಲಿದೆ.

ಈ ಚಿತ್ರದ ಹೆಚ್ಚುಗಾರಿಕೆಯಿರುವುದು ನಿಂದೆಯನ್ನು ತೋರಿಸಿ ಕನಿಕರ ಹುಟ್ಟಿಸುವುದರಲ್ಲಿ ಅಲ್ಲ, ಪ್ರತಿಯೊಂದು ಪಡಿಯಚ್ಚು ಯಾವ ಕಾಲದಲ್ಲಿ ಯಾರ ಅಗತ್ಯಕ್ಕಾಗಿ ಮೂಡಿತೆಂದು ಬಿಡಿಸಿ ಹೇಳುವುದರಲ್ಲಿ. ಗುಲಾಮಗಿರಿ ಜಾರಿಯಲ್ಲಿದ್ದಾಗ ಕಪ್ಪು ಗಂಡಸು ಹಾಡಿ ಕುಣಿಯುವ ತೃಪ್ತ ಸೇವಕ. ಬಿಡುಗಡೆಯಾದ ಬಳಿಕ ಅದೇ ಗಂಡಸು ಅಪಾಯಕಾರಿ ಮೃಗ. ಮನುಷ್ಯ ಬದಲಾಗಲಿಲ್ಲ, ಒಡೆಯನ ರಾಜಕೀಯ ಬದಲಾಯಿತು. ತಲೆಗೆ ವಸ್ತ್ರ ಬಿಗಿದ, ಸ್ಥೂಲದೇಹದ ‘ಮ್ಯಾಮಿ’ಯ ಚಿತ್ರಣದಲ್ಲಿ ಹೆಣ್ತನದ ಕುರುಹುಗಳನ್ನೆಲ್ಲ ಅಳಿಸಿದ್ದೇಕೆ ಎಂಬ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಕಟುವಾದುದು: ಒಡೆಯರು ಗುಲಾಮ ಹೆಂಗಸರ ಮೇಲೆಸಗಿದ ಲೈಂಗಿಕ ದೌರ್ಜನ್ಯ ಮರೆಯಾಗಬೇಕಿತ್ತು. 1889ರಲ್ಲಿ ಆರಂಭವಾದ ‘ಆಂಟ್ ಜೆಮೈಮಾ’ ದೋಸೆಹಿಟ್ಟಿನ ಪೊಟ್ಟಣದ ಮೇಲೆ ಇದೇ ಮ್ಯಾಮಿ ಕುಳಿತಳು. ಆ ಹೆಸರನ್ನು ಕಂಪನಿ ಪೂರ್ತಿಯಾಗಿ ಕೈಬಿಟ್ಟದ್ದು 2021ರಲ್ಲಿ.

ಮಿನ್‌ಸ್ಟ್ರೆಲ್ ಪ್ರದರ್ಶನದ ಭಾಗವಂತೂ ವಿಶೇಷ ಗಮನಕ್ಕೆ ಅರ್ಹವಾಗಿದೆ. ಥಾಮಸ್ ರೈಸ್ ಎಂಬ ಬಿಳಿಯ ನಟ 1830ರ ಆಸುಪಾಸಿನಲ್ಲಿ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಕುಣಿತವನ್ನು ರಂಗಕ್ಕೆ ತಂದ. ಕುದುರೆಲಾಯದ ಕುಂಟ ಕಪ್ಪು ಆಳೊಬ್ಬನನ್ನು ನೋಡಿ ಅದನ್ನು ಕಲಿತನೆಂಬುದು ಪ್ರಸಿದ್ಧ ಕಥೆ. ಕಥೆ ನಿಜವಿರಲಿ ಸುಳ್ಳಿರಲಿ, ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಜಾರಿಗೆ ಬಂದ ವರ್ಣಪ್ರತ್ಯೇಕತೆಯ ಕಾನೂನುಗಳಿಗೆ ಜನ ಇಟ್ಟ ಹೆಸರು ಈ ಕುಣಿತದ ಪಾತ್ರದ್ದೇ. ಶೋಷಿತರ ಕಲೆಯನ್ನು ಎತ್ತಿಕೊಂಡು, ವಿಕಾರಗೊಳಿಸಿ, ಅವರದೇ ನಿಜರೂಪವೆಂದು ಮಾರುವ ಈ ವ್ಯವಹಾರವು ಜಾನಪದವನ್ನು ‘ಜನರ ಮುಗ್ಧ ಸೃಷ್ಟಿ’ ಎಂದು ಕೊಂಡಾಡುವ ಅಭ್ಯಾಸವನ್ನು ಅಲುಗಾಡಿಸುತ್ತದೆ. ನಿಂದೆಯ ಹಾಡೂ ಜಾನಪದವೇ. ಅದನ್ನು ಸಂಗ್ರಹಿಸಿ ಮತ್ತೆ ಪ್ರದರ್ಶಿಸುವುದು ನಿಂದೆಯನ್ನು ಮುಂದುವರಿಸಿದಂತಾಗದೆ ಎಂಬ ಪ್ರಶ್ನೆ ಕನ್ನಡದಲ್ಲಿ ಜಾತಿನಿಂದೆಯ ಗಾದೆಗಳನ್ನು ಸಂಪಾದಿಸುವವರಿಗೂ ಹೊಸದಲ್ಲ. ವಸ್ತುವಿನ ಪಕ್ಕದಲ್ಲಿ ಅದರ ಚರಿತ್ರೆಯನ್ನು ಇಡದೆ ತೋರಿಸಕೂಡದೆಂಬುದು ರಿಗ್ಸ್ ಅನುಸರಿಸಿದ ಕ್ರಮ. ಬರಿಯ ಸಂಕಲನಗಳಲ್ಲಿ ಕಾಣದಿರುವುದು ಇದೇ.

‘ಎಥ್ನಿಕ್ ನೋಷನ್ಸ್’ಗೆ ಎಮ್ಮಿ ಪ್ರಶಸ್ತಿ ದೊರೆಯಿತು. ಆದರೆ 1989ರ ‘ಟಂಗ್ಸ್ ಅನ್‌ಟೈಡ್’ ಆತನನ್ನು ಬೀದಿಜಗಳಕ್ಕೆ ಎಳೆಯಿತು. ಕಪ್ಪು ಸಲಿಂಗಕಾಮಿ ಪುರುಷರ ಬದುಕನ್ನು ಕಾವ್ಯ, ಕುಣಿತ, ಆತ್ಮಕಥನಗಳ ಮೂಲಕ ಹೇಳುವ ಈ ಚಿತ್ರವು ಬಿಳಿಯರ ಜನಾಂಗದ್ವೇಷವನ್ನು ಮಾತ್ರವಲ್ಲ, ಕಪ್ಪು ಸಮುದಾಯದ ಒಳಗಿನ ತಿರಸ್ಕಾರವನ್ನೂ ಹೆಸರಿಸಿತು. 1991ರಲ್ಲಿ ಸಾರ್ವಜನಿಕ ದೂರದರ್ಶನದ ‘ಪಿ.ಒ.ವಿ.’ ಮಾಲಿಕೆಯಲ್ಲಿ ಪ್ರಸಾರಕ್ಕೆ ಬಂದಾಗ ಅನೇಕ ಕೇಂದ್ರಗಳು ಪ್ರಸಾರ ಮಾಡಲು ನಿರಾಕರಿಸಿದವು. ಸರ್ಕಾರದ ಕಲಾನಿಧಿಯಿಂದ ಪರೋಕ್ಷವಾಗಿ ಬಂದ ಹಣ ಕೇವಲ 5,000 ಡಾಲರ್. 1992ರ ಚುನಾವಣೆಯ ವೇಳೆ ಪ್ಯಾಟ್ ಬುಕಾನನ್ ಈ ಚಿತ್ರದ ತುಣುಕುಗಳನ್ನು ಬಳಸಿ, ತೆರಿಗೆಹಣ ಅಶ್ಲೀಲತೆಗೆ ಪೋಲಾಗುತ್ತಿದೆಯೆಂದು ತನ್ನದೇ ಪಕ್ಷದ ಅಧ್ಯಕ್ಷ ಬುಷ್ ವಿರುದ್ಧ ಜಾಹೀರಾತು ಹೊರಡಿಸಿದ. ರಿಗ್ಸ್ ಪತ್ರಿಕೆಯಲ್ಲಿ ಉತ್ತರ ಬರೆದ. ಏಡ್ಸ್‌ನಿಂದ ನರಳುತ್ತಲೇ ‘ಬ್ಲ್ಯಾಕ್ ಈಸ್... ಬ್ಲ್ಯಾಕ್ ಏಂಟ್’ ಚಿತ್ರವನ್ನು ಕೈಗೆತ್ತಿಕೊಂಡು, ಆಸ್ಪತ್ರೆಯ ಹಾಸಿಗೆಯಿಂದಲೂ ಅದರಲ್ಲಿ ಮಾತನಾಡಿದ. ಅಜ್ಜಿ ಮಾಡುತ್ತಿದ್ದ ‘ಗಂಬೋ’ ಎಂಬ ಲೂಸಿಯಾನಾ ಸಾರಿನಂತೆ ಕಪ್ಪು ಅಸ್ಮಿತೆಯಲ್ಲಿಯೂ ಹಲವು ಪದಾರ್ಥಗಳು ಬೆರೆತಿವೆ ಎಂಬುದು ಆ ಚಿತ್ರದ ನಡುಗಂಬ. 1994ರ ಏಪ್ರಿಲ್‌ನಲ್ಲಿ ರಿಗ್ಸ್ ತೀರಿಕೊಂಡ. ಸಹೋದ್ಯೋಗಿಗಳು ಚಿತ್ರವನ್ನು ಪೂರ್ಣಗೊಳಿಸಿದರು. ಅಶ್ಲೀಲವೆಂದು ಹಳಿಸಿಕೊಂಡ ‘ಟಂಗ್ಸ್ ಅನ್‌ಟೈಡ್’ 2022ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.

ಇದಕ್ಕೆ ತೀರ ಭಿನ್ನವಾದ ತೊಡಕಿಗೆ ಸಿಲುಕಿದ್ದು ‘ಐಸ್ ಆನ್ ದ ಪ್ರೈಜ್’. ಬಾಸ್ಟನ್ನಿನ ಬ್ಲ್ಯಾಕ್‌ಸೈಡ್ ಸಂಸ್ಥೆಯ ಹೆನ್ರಿ ಹ್ಯಾಂಪ್ಟನ್ ರೂಪಿಸಿದ ಈ ಮಾಲಿಕೆ 1987ರಲ್ಲಿ 6, 1990ರಲ್ಲಿ 8 ಕಂತುಗಳಾಗಿ ಪ್ರಸಾರವಾಯಿತು. 1965ರ ಸೆಲ್ಮಾ ನಡಿಗೆಯಲ್ಲಿ ಪಾಲ್ಗೊಂಡಿದ್ದ ಹ್ಯಾಂಪ್ಟನ್ ವಿದ್ವಾಂಸರ ವ್ಯಾಖ್ಯಾನವನ್ನು ಹೊರಗಿಟ್ಟು, ಚಳವಳಿಯಲ್ಲಿದ್ದವರ ಮತ್ತು ಅದನ್ನು ಎದುರಿಸಿದವರ ಬಾಯಿಮಾತನ್ನೇ ನೆಚ್ಚಿದ. ಸೆಲ್ಮಾದ ಅಂದಿನ ಬಿಳಿಯ ಮೇಯರ್ ಜೋಸೆಫ್ ಸ್ಮಿದರ್‌ಮನ್ ಕೂಡ ಅಲ್ಲಿ ಮಾತನಾಡುತ್ತಾನೆ. ಮಾಲಿಕೆಯ ಹೆಸರು ಬಂದದ್ದು ಚಳವಳಿಯ ಹಾಡೊಂದರಿಂದ. ಆ ಹಾಡಿನ ಮೂಲ, ನೇಗಿಲಿನಿಂದ ಕೈ ತೆಗೆಯಬೇಡವೆನ್ನುವ ಹಳೆಯ ಭಕ್ತಿಗೀತೆ. ಕಪ್ಪುಜನರ ಬಾಯಲ್ಲಿ ನೇಗಿಲು ಗುರಿಯಾಗಿ ಮಾರ್ಪಟ್ಟಿತು.

ಇಂತಹ ಬಾಯಿಹಾಡುಗಳ ಸಂಪತ್ತಿನಿಂದ ಕಟ್ಟಿದ ಮಾಲಿಕೆ ಹಕ್ಕುಸ್ವಾಮ್ಯದ ಬಲೆಗೆ ಬಿದ್ದುದು ವಿಪರ್ಯಾಸ. ಹಳೆಯ ಸುದ್ದಿಚಿತ್ರ, ಛಾಯಾಚಿತ್ರ, ಹಾಡುಗಳನ್ನು ಬಳಸಲು ಕೊಂಡ ಅನುಮತಿಗಳು ಸೀಮಿತ ಅವಧಿಯವು. 1990ರ ದಶಕದ ನಡುವಿನಲ್ಲಿ ಅವು ಮುಗಿಯುತ್ತ ಬಂದಂತೆ ಮಾಲಿಕೆ ದೂರದರ್ಶನದಿಂದಲೂ ಮಾರಾಟದಿಂದಲೂ ಮರೆಯಾಯಿತು. ಮಾರ್ಟಿನ್ ಲೂಥರ್ ಕಿಂಗ್‌ಗೆ ಸಂಗಾತಿಗಳು ಹುಟ್ಟುಹಬ್ಬದ ಹಾಡು ಹೇಳುವ ದೃಶ್ಯವೂ ತೊಡಕಿನ ಭಾಗವಾಗಿತ್ತು, ಆ ಹಾಡಿಗೂ ಆಗ ಹಕ್ಕುದಾರರಿದ್ದರು. ಗ್ರಂಥಾಲಯಗಳಲ್ಲಿ ಉಳಿದ ಸವೆದ ವಿಡಿಯೋ ಟೇಪುಗಳೇ ಅಧ್ಯಾಪಕರಿಗೆ ಗತಿಯಾದವು. 1998ರಲ್ಲಿ ಹ್ಯಾಂಪ್ಟನ್ ತೀರಿಕೊಂಡಾಗ ಸಮಸ್ಯೆ ಬಗೆಹರಿದಿರಲಿಲ್ಲ. 2005ರ ಫೆಬ್ರವರಿಯಲ್ಲಿ ಕಾರ್ಯಕರ್ತರ ಗುಂಪೊಂದು ಅನುಮತಿಯ ಗೊಡವೆಯಿಲ್ಲದೆ ಊರೂರಲ್ಲಿ ಮಾಲಿಕೆಯನ್ನು ತೋರಿಸಿರೆಂದು ಕರೆಯಿತ್ತಿತು. ಸಂಸ್ಥೆಯ ವಕೀಲರು ಆಕ್ಷೇಪಿಸಿದರು. ಫೋರ್ಡ್ ಪ್ರತಿಷ್ಠಾನ ಮೊದಲಾದವರ ಧನಸಹಾಯದಿಂದ ಹಕ್ಕುಗಳನ್ನು ನವೀಕರಿಸಿ 2006ರಲ್ಲಿ ಮರುಪ್ರಸಾರ ಮಾಡಲಾಯಿತು. ಚಳವಳಿಯ ಗೀತೆಯಾಗಿ ಜಗತ್ತೆಲ್ಲ ಹಾಡಿದ ‘ವಿ ಶಲ್ ಓವರ್‌ಕಮ್’ ಕೂಡ ಹಕ್ಕುಸ್ವಾಮ್ಯದಿಂದ ಬಿಡಿಸಿಕೊಂಡು ಸಾರ್ವಜನಿಕ ಸ್ವತ್ತಾದುದು ನ್ಯಾಯಾಲಯದ ವ್ಯಾಜ್ಯದ ಬಳಿಕ, 2018ರಲ್ಲಿ.

ಹ್ಯಾಂಪ್ಟನ್‌ನ ಸಂಗ್ರಹ ಈಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದೆ. ಮಾಲಿಕೆಗಾಗಿ ನಡೆಸಿದ ಸಂದರ್ಶನಗಳ ಪೂರ್ಣ ಪಠ್ಯಗಳು ಅಲ್ಲಿ ಸಂಶೋಧಕರಿಗೆ ಲಭ್ಯವಿವೆ. ತೆರೆಯ ಮೇಲೆ ಅರೆನಿಮಿಷ ಕಾಣಿಸಿಕೊಂಡು ಹೋಗುವ ಸಾಕ್ಷಿಯು ಇನ್ನೇನೇನು ಹೇಳಿದ್ದನೆಂಬುದನ್ನು, ಪ್ರಶ್ನೆಗಳ ಸಮೇತ, ಅಲ್ಲಿ ಓದಬಹುದಾಗಿದೆ.