ಜಾರುವ ಹನಿ, ನುಸುಳುವ ನೀರು

ಕೋಲಾರವೆಂದರೆ ಬರದ ಸೀಮೆ ಎಂಬ ಮಾತು ರೂಢಿಯಲ್ಲಿದೆ. ಆದರೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ನಿಂತವರಿಗೆ ಅಲ್ಲಿಯ ಮಳೆಯ ಬಿರುಸು ಗೊತ್ತು. ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿಗೆ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರೇ ದುಡಿಮೆಯ ನೆಲೆಯಾಯಿತು. ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಡುವ ರೈಲಿನಲ್ಲಿ ಹೆಗಲಿಗೊಂದು ನೈಲಾನ್ ಚೀಲವಿಲ್ಲದವರು ವಿರಳ. ಅದರಲ್ಲಿ ಬುತ್ತಿಯಿರುತ್ತದೆ, ಒಮ್ಮೊಮ್ಮೆ ಮಗನ ಅಂಕಪಟ್ಟಿ, ತಂದೆಯ ಗಣಿಸೇವೆಯ ಹಳೆಯ ಕಾಗದಗಳೂ ಇರುತ್ತವೆ. ಬುತ್ತಿ ನೆನೆದರೆ ಹೋಗುವುದು ಒಂದು ಹೊತ್ತಿನ ಊಟ. ಶಾಯಿ ಕದಡಿದರೆ ಹೋಗುವುದು ಒಂದು ಸಂಸಾರದ ಆಧಾರ.

ಕನ್ನಡದ ಮೇಷ್ಟರಿಗೆ ಬಟ್ಟೆಯ ಗೊಡವೆ ಏಕೆಂದು ತಾವು ಕೇಳಬಹುದು. ನನ್ನನ್ನು ಇತ್ತ ಎಳೆದದ್ದು ಒಂದು ಪದ. ‘ವಾಟರ್‌ಪ್ರೂಫ್’ ಎಂಬ ಒಂದೇ ಮಾತಿನಲ್ಲಿ ಅಂಗಡಿಯವರು ಎರಡು ಬೇರೆ ಗುಣಗಳನ್ನು ಹೇಳಿಬಿಡುತ್ತಾರೆ: ನೀರನ್ನು ಜಾರಿಸುವುದು ಒಂದು, ನೀರನ್ನು ತಡೆಯುವುದು ಇನ್ನೊಂದು.

ನಮ್ಮ ರೈತರ ಕಂಬಳಿಕೊಪ್ಪೆ ಮೊದಲನೆಯದಕ್ಕೆ ನಿದರ್ಶನ. ಉಣ್ಣೆಯ ಸಹಜ ಜಿಡ್ಡು ಹನಿಯನ್ನು ಜಾರಿಸುತ್ತದೆ. ಮಳೆ ಜಡಿಯಾಗಿ ಹಿಡಿದರೆ ಕೊನೆಗೆ ಕಂಬಳಿಯೂ ನೆನೆಯುತ್ತದೆ. ನೈಲಾನಿನ ಕಥೆಯೂ ಹೀಗೆಯೇ. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕೆರೋಥರ್ಸ್ ರೂಪಿಸಿದ ಈ ನೂಲು ಬಲವಾದದ್ದು, ನಿಜ. ಆದರೆ ಹಾಸು ಹೊಕ್ಕುಗಳ ನಡುವಿನ ಸಂದುಗಳು ನೀರಿಗೆ ತೆರೆದೇ ಇರುತ್ತವೆ. ಚೀಲದ ಮೇಲೆ ಬರೆದ ‘ಡೆನಿಯರ್’ 9,000 ಮೀಟರ್ ನೂಲಿನ ತೂಕವೆಷ್ಟು ಗ್ರಾಮೆಂಬುದನ್ನು ಹೇಳುತ್ತದೆ. ನೀರಿನ ವಿಷಯ ಅದಕ್ಕೆ ಸಂಬಂಧಿಸಿದ್ದಲ್ಲ.

ಆದ್ದರಿಂದ ಬಟ್ಟೆಗೆ ಎರಡು ಉಪಚಾರಗಳು. ಹೊರಮೈಗೆ ಕೊಡುವ ತೆಳುವಾದ ರಾಸಾಯನಿಕ ಸಂಸ್ಕಾರದಿಂದ ಹನಿ ಕೆಸುವಿನ ಎಲೆಯ ಮೇಲಿನಂತೆ ಉಂಡೆಗಟ್ಟಿ ಉರುಳುತ್ತದೆ. ಇದು ಉಜ್ಜಾಟಕ್ಕೆ, ಕೊಳೆಗೆ ಬೇಗ ಸವೆಯುತ್ತದೆ. ಒಳಮೈಗೆ ಬಳಿಯುವ ಪಾಲಿಯುರಿಥೇನ್ ಲೇಪ ಸಂದುಗಳನ್ನು ಮುಚ್ಚುತ್ತದೆ. ನಿಜವಾಗಿ ನೀರನ್ನು ತಡೆಯುವುದು ಇದೇ. ಇದರ ಶಕ್ತಿಯನ್ನು ಬಟ್ಟೆ ತಾಳಬಲ್ಲ ನೀರಿನ ಕಂಬದ ಎತ್ತರದಿಂದ, ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ರೈಲಿನ ನೂಕುನುಗ್ಗಲಿನಲ್ಲಿ ಒದ್ದೆ ಚೀಲವನ್ನು ಅದುಮಿದರೆ ಒತ್ತಡ ಏರುತ್ತದೆ. ಸುಮ್ಮನೆ ಸುರಿವ ಮಳೆಯನ್ನು ತಡೆದ ಲೇಪ ಅಲ್ಲಿ ಸೋಲಬಹುದು.

ಲೇಪ ಎಷ್ಟೇ ಗಟ್ಟಿಯಾಗಿರಲಿ, ಹೊಲಿಗೆಯ ಸೂಜಿ ಅದರಲ್ಲಿ ಸಾಲು ತೂತುಗಳನ್ನು ಕೊರೆದಿರುತ್ತದೆ. ಒಳಗಡೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರದಿದ್ದರೆ ನೀರಿಗೆ ಅದೇ ಹೆದ್ದಾರಿ. ಜಿಪ್ಪು ಇನ್ನೊಂದು ಬಾಗಿಲು. ಪರೀಕ್ಷೆ ಸುಲಭ. ಚೀಲದೊಳಗೆ ಹಳೆಯ ವೃತ್ತಪತ್ರಿಕೆ ತುಂಬಿ, ಮೇಲೆ ಒಂದು ಬಿಂದಿಗೆ ನೀರು ಸುರಿಯಿರಿ. ಕಾಗದ ನೆನೆದ ಜಾಗವೇ ಚೀಲದ ದೋಷವನ್ನು ತೋರಿಸುತ್ತದೆ.

ಸೆಖೆ ಮತ್ತು ತೇವ ಸೇರಿದರೆ ಲೇಪವೂ ಕ್ರಮೇಣ ಶಿಥಿಲವಾಗುತ್ತದೆ. ಹಳೆಯ ಚೀಲದ ಒಳಗೆ ಕೈಗೆ ಅಂಟುವ ಜಿಗುಟು, ಉದುರುವ ಹೊಪ್ಪಳಿಕೆ ಇದರ ಕುರುಹು. ಒದ್ದೆ ಚೀಲವನ್ನು ಮಡಿಸಿಡದೆ ನೆರಳಿನಲ್ಲಿ ಆರಿಸಬೇಕು. ಬಿಸಿನೀರು, ಒರಟು ಬ್ರಷ್ಷು ಕೂಡದು.

ಹೊರಗೆ ಹನಿ ಜಾರುವುದನ್ನು ಕಂಡು ಒಳಗಿನ ಕಾಗದ ಕ್ಷೇಮವೆಂದು ತಿಳಿಯಲಾಗದು. ಮುಖ್ಯವಾದ ಕಾಗದಗಳಿಗೆ ಚೀಲದೊಳಗೂ ಬಾಯಿಕಟ್ಟಿದ ಒಂದು ಪ್ಲಾಸ್ಟಿಕ್ ಲಕೋಟೆ ಇರಲಿ. ಅದಕ್ಕೆ ತಗಲುವ ಖರ್ಚು ಕೆಲವೇ ರೂಪಾಯಿ. ಹಾಳಾದ ಮೂಲಪ್ರತಿಯ ನಕಲಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ದಿನಗೂಲಿಯವನಿಗೆ ಪ್ರತಿದಿನವೂ ಒಂದು ದಿನದ ಸಂಬಳ ನಷ್ಟ.